ಆಸ್ಪತ್ರೆಯಿಂದ ಮನೆಗೆ ಬಂದ ಮೇಲಿನ ಮೊದಲ ಮೂರು ತಿಂಗಳು: ಸ್ಕಿಜೋಫ್ರೇನಿಯಾ ಇರುವವರ ಮನೆ ಶುಶ್ರೂಷೆ, ಹಂತ ಹಂತವಾಗಿ

ಸ್ಕಿಜೋಫ್ರೇನಿಯಾ ಎಂದರೆ ಬೇರೆಯವರಿಗೆ ಕೇಳಿಸದ ದನಿಗಳು ಕೇಳಿಸುವ, ಇಲ್ಲದ ಅನುಮಾನಗಳು ಕಾಡುವ ಮಾನಸಿಕ ಕಾಯಿಲೆ. ಅದಕ್ಕಾಗಿ ಮೂರು ವಾರ ವಾರ್ಡಿನಲ್ಲಿದ್ದು ಸುಧಾರಿಸಿಕೊಂಡು ಮನೆಗೆ ಬಂದವರು ಕೆಲವೇ ತಿಂಗಳಲ್ಲಿ ಮತ್ತೆ ಅದೇ ವಾರ್ಡಿಗೆ ಮರಳುವುದು ತೀರಾ ಸಾಮಾನ್ಯ. ವಿಚಾರಿಸಿ ನೋಡಿದರೆ ಎಷ್ಟೋ ಮನೆಗಳಲ್ಲಿ ನಡೆದಿರುವುದು ಒಂದೇ: ಮಾತ್ರೆ ನಿಂತಿರುತ್ತದೆ. ನಿಲ್ಲಿಸಿದ ಮೊದಲ ಎರಡು ಮೂರು ವಾರ ಅವರು ಮೊದಲಿಗಿಂತ ಚೆನ್ನಾಗಿಯೇ ಕಾಣುತ್ತಾರೆ. ಮಂಪರು ಇಳಿದಿರುತ್ತದೆ, ಮುಖ ಕಳೆಗಟ್ಟುತ್ತದೆ, ಎದ್ದು ಓಡಾಡುತ್ತಾರೆ. ‘ಆ ಮಾತ್ರೆಯೇ ಇವನನ್ನು ಮಂಕು ಮಾಡ್ತಿತ್ತು’ ಎಂದು ಮನೆಯವರು ತೀರ್ಮಾನಿಸಿಬಿಡುತ್ತಾರೆ. ಕಾಯಿಲೆ ಮರಳುವುದು ಅದಾಗಿ ವಾರಗಳೋ ತಿಂಗಳುಗಳೋ ಕಳೆದ ಮೇಲೆ. ಅಷ್ಟು ಹೊತ್ತಿಗೆ ಮಾತ್ರೆ ಬಿಟ್ಟದ್ದಕ್ಕೂ ಇದಕ್ಕೂ ಇರುವ ನಂಟು ಯಾರಿಗೂ ಹೊಳೆಯುವುದಿಲ್ಲ.

ಎರಡನೆಯ ಎಡವಟ್ಟು ಕ್ರಮದ್ದು. ‘ಕೆಲಸಕ್ಕೆ ಹಚ್ಚಿದರೆ ಸರಿಹೋಗ್ತಾನೆ’, ‘ಮದುವೆ ಮಾಡಿದರೆ ಸರಿಹೋಗ್ತಾಳೆ’ ಎಂದು ಕೊನೆಗೆ ಬರಬೇಕಾದದ್ದನ್ನು ಮೊದಲಿಗೆ ತರುತ್ತೇವೆ. ಚೇತರಿಕೆಗೆ ಅದರದೇ ಸರದಿ ಇದೆ: ಮೊದಲು ಮಾತ್ರೆ, ಅದು ನೆಲೆಯಾದ ಮೇಲೆ ನಿದ್ದೆ, ಆಮೇಲೆ ಊಟ ಮತ್ತು ಸ್ನಾನ, ಆಮೇಲೆ ಮಾತುಕತೆ, ಕೊನೆಗೆ ಕೆಲಸ. ಈ ಮಾರ್ಗದರ್ಶಿ ಅದೇ ಸರದಿಯಲ್ಲಿದೆ. ಮಾತ್ರೆಯ ಹೆಸರು, ಪ್ರಮಾಣ, ಬದಲಾವಣೆ ಎಲ್ಲವೂ ವೈದ್ಯರದು. ಇಲ್ಲಿ ಹೇಳುತ್ತಿರುವುದು ಮನೆಯವರ ಕೈಯಲ್ಲಿರುವ ಭಾಗ.

## ಮೊದಲೇ ಹೊಂದಿಸಿಕೊಳ್ಳಬೇಕಾದ ಸಾಮಾನು

- 28 ಗೂಡುಗಳಿರುವ ಮಾತ್ರೆ ಡಬ್ಬಿ (ಏಳು ದಿನ, ದಿನಕ್ಕೆ ನಾಲ್ಕು ಹೊತ್ತು). ಸಿಗದಿದ್ದರೆ ದಿನದ ಹೆಸರು ಬರೆದ ಏಳು ಚಿಕ್ಕ ಡಬ್ಬಿಗಳು ಸಾಕು.
- 100 ಪುಟದ ಒಂದು ನೋಟ್‌ಬುಕ್, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ನು.
- ಥರ್ಮಾಮೀಟರ್. ಇದನ್ನು ಬಿಡಬೇಡಿ. ಏಕೆಂಬುದು ನಾಲ್ಕನೇ ಹಂತದಲ್ಲಿದೆ.
- ತೂಕದ ಯಂತ್ರ. ಮನೆಯಲ್ಲಿಲ್ಲದಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿಸಬಹುದು.
- ಬೀಗವಿರುವ ಒಂದು ಪೆಟ್ಟಿಗೆ ಅಥವಾ ಕಪಾಟು.
- ಡಿಸ್ಚಾರ್ಜ್ ಚೀಟಿಯ ಎರಡು ಜೆರಾಕ್ಸ್. ಒಂದು ಮನೆಯಲ್ಲಿ, ಇನ್ನೊಂದು ಸದಾ ಜೊತೆಯಲ್ಲಿರುವ ಪರ್ಸ್ ಅಥವಾ ಚೀಲದಲ್ಲಿ.

## ಹಂತ 1: ವಾರ್ಡ್ ಬಿಡುವ ಮುನ್ನ ಐದು ಪ್ರಶ್ನೆ

ಬಿಡುಗಡೆಯ ದಿನ ಬಿಲ್ಲು, ಬಸ್ಸು, ಲಗೇಜು ಎಂಬ ಗಡಿಬಿಡಿ. ಆ ಗಡಿಬಿಡಿಯಲ್ಲೇ ಮುಖ್ಯವಾದ ಮಾತು ತಪ್ಪಿಹೋಗುತ್ತದೆ. ಹೊರಡುವ ಹಿಂದಿನ ದಿನವೇ ವಾರ್ಡಿನ ಸಿಸ್ಟರ್ ಹತ್ತಿರ ಕೂತು ಇಷ್ಟನ್ನು ಕೇಳಿ ಬರೆದುಕೊಳ್ಳಿ:

1. ಯಾವ ಮಾತ್ರೆ ಯಾವುದಕ್ಕೆ? ಒಂದೊಂದು ಸ್ಟ್ರಿಪ್ ಕೈಯಲ್ಲಿ ಹಿಡಿದೇ ಕೇಳಿ.
2. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು? ಎರಡು ದಿನ ತಪ್ಪಿದರೆ?
3. ಇಂಜೆಕ್ಷನ್ ಕೊಟ್ಟಿದ್ದರೆ ಮುಂದಿನದು ಯಾವ ತಾರೀಕು, ಊರಿನ ಆಸ್ಪತ್ರೆಯಲ್ಲಿ ಹಾಕಿಸಬಹುದೇ?
4. ಯಾವ ರಕ್ತ ಪರೀಕ್ಷೆ, ಎಷ್ಟು ದಿನಕ್ಕೊಮ್ಮೆ?
5. ರಾತ್ರಿ ತೊಂದರೆಯಾದರೆ ಎಲ್ಲಿಗೆ ಬರಬೇಕು?

ಕನಿಷ್ಠ ಹತ್ತು ದಿನದ ಮಾತ್ರೆ ಯಾವಾಗಲೂ ಹೆಚ್ಚುವರಿಯಾಗಿ ಮನೆಯಲ್ಲಿರಬೇಕು. ಮಾತ್ರೆ ಮುಗಿದ ದಿನವೇ ಔಷಧಿ ಅಂಗಡಿಗೆ ಹೋಗುವ ಮನೆಯಲ್ಲಿ, ‘ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ’ ಎಂದು ಆರಂಭವಾದ ಅಂತರ ಹದಿನೈದು ದಿನಕ್ಕೆ ಬೆಳೆಯುತ್ತದೆ.

## ಹಂತ 2: ಮನೆಯನ್ನು ಅಣಿಗೊಳಿಸುವುದು

ಬಿಡುಗಡೆಯಾದ ಮೊದಲ ಕೆಲವು ವಾರಗಳು ಆತ್ಮಹತ್ಯೆಯ ಅಪಾಯ ಹೆಚ್ಚಿರುವ ಕಾಲ. ಕಾಯಿಲೆ ಇಳಿಯುತ್ತಾ ಬಂದಂತೆ ‘ನನಗೆ ಏನಾಗಿತ್ತು, ಊರವರೆದುರು ಹೇಗೆಲ್ಲಾ ಆಡಿದೆ’ ಎಂಬುದು ಅವರಿಗೆ ಅರಿವಾಗುತ್ತದೆ. ಆ ನೋವು ದೊಡ್ಡದು. ಅದಕ್ಕಾಗಿ ಅವರು ಮನೆಗೆ ಕಾಲಿಡುವ ಮುನ್ನವೇ ಈ ಕೆಲಸ ಮುಗಿದಿರಲಿ.

ಗದ್ದೆ ತೋಟದ ಮನೆಯಾದರೆ ಕೀಟನಾಶಕ, ಕಳೆನಾಶಕ, ಇಲಿ ಪಾಷಾಣ ಒಂದೂ ಮನೆಯೊಳಗಿರಬಾರದು. ಅಟ್ಟದ ಮೇಲೆ ಅಡಗಿಸಿಟ್ಟರೆ ಸಾಲದು, ಆ ಜಾಗ ಅವರಿಗೂ ಗೊತ್ತು. ಬೇರೆಯವರ ಮನೆಯಲ್ಲಿ ಬೀಗ ಹಾಕಿ ಇಡಿಸಿ, ಬೇಕಾದ ದಿನ ಬೇಕಾದಷ್ಟೇ ತನ್ನಿ. ಮಚ್ಚು, ಕುಡುಗೋಲು, ಹಗ್ಗದ ಸುರುಳಿ ಕಣ್ಣೆದುರಿನಿಂದ ಸರಿಯಲಿ. ಮಾತ್ರೆಯ ಪೂರ್ತಿ ದಾಸ್ತಾನು ಬೀಗದ ಪೆಟ್ಟಿಗೆಯಲ್ಲಿ, ಹೊರಗೆ ಒಂದು ವಾರದ್ದು ಮಾತ್ರ.

ಅವರು ಮಲಗುವ ಕೋಣೆಯ ಒಳಚಿಲಕ ತೆಗೆಸಿ. ಹೊರಗಿನಿಂದ ಚಿಲಕ ಹಾಕಿ ಕೂಡಿಹಾಕಬೇಡಿ. ಮೊದಲ ಒಂದು ತಿಂಗಳು ಮನೆಯ ಒಬ್ಬರು ಕೂಗಿದರೆ ಕೇಳಿಸುವಷ್ಟು ಹತ್ತಿರ ಮಲಗುವುದು ಒಳ್ಳೆಯದು.

## ಹಂತ 3: ಮಾತ್ರೆ ಕೊಡುವ ರೀತಿ

ಇಡೀ ಶುಶ್ರೂಷೆ ನಿಂತಿರುವುದು ಈ ಹಂತದ ಮೇಲೆ. ಹಾಗಾಗಿ ಸ್ವಲ್ಪ ವಿವರವಾಗಿಯೇ ನೋಡೋಣ.

ಒಬ್ಬರೇ ಹೊಣೆ ಹೊರಲಿ. ‘ಅಮ್ಮ ಕೊಟ್ಟಿರಬೇಕು’ ಎಂದು ಅಣ್ಣ, ‘ಅವನೇ ಕೊಟ್ಟಿರಬೇಕು’ ಎಂದು ಅಮ್ಮ. ಹೀಗೆ ಒಂದೋ ಮಾತ್ರೆ ತಪ್ಪುತ್ತದೆ, ಇಲ್ಲವೇ ಎರಡು ಸಲ ಬೀಳುತ್ತದೆ. ಭಾನುವಾರ ಬೆಳಿಗ್ಗೆ ಒಬ್ಬರೇ ಕೂತು ವಾರದ ಡಬ್ಬಿ ತುಂಬಲಿ. ಅವರು ಊರಿಗೆ ಹೋದರೆ ಯಾರು ಕೊಡಬೇಕು ಎಂಬುದೂ ಮೊದಲೇ ಗೊತ್ತಾಗಿರಲಿ.

ಒಂದೇ ಹೊತ್ತು. ರಾತ್ರಿಯ ಮಾತ್ರೆ ಊಟವಾದ ಮೇಲೆ, ಮಲಗುವುದಕ್ಕೆ ಒಂದು ಗಂಟೆ ಮೊದಲು. ಒಂಬತ್ತು ಗಂಟೆ ಎಂದರೆ ದಿನವೂ ಒಂಬತ್ತೇ. ಬೆಳಿಗ್ಗೆ ಹತ್ತಾದರೂ ಮಂಪರು ಇಳಿಯದಿದ್ದರೆ ಪ್ರಮಾಣ ಇಳಿಸಬೇಡಿ. ಹೊತ್ತನ್ನು ಎಂಟು ಗಂಟೆಗೆ ತರಬಹುದೇ ಎಂದು ವೈದ್ಯರನ್ನು ಕೇಳಿ.

ಎದುರಿಗೆ ಕೂತು ಕೊಡಿ. ಅಂಗೈಗೆ ಮಾತ್ರೆ, ಕೈಗೆ ಒಂದು ಲೋಟ ತುಂಬ ನೀರು. ನುಂಗಿದ ಮೇಲೂ ಐದು ಹತ್ತು ನಿಮಿಷ ಜೊತೆಗೆ ಕೂತು ನಾಳೆಯ ತಿಂಡಿಯದೋ ಊರಿನದೋ ಮಾತಾಡಿ. ನಾಲಿಗೆಯಡಿ ಅಥವಾ ಕೆನ್ನೆಯ ಸಂದಿನಲ್ಲಿ ಮಾತ್ರೆ ಅಡಗಿಸಿಟ್ಟವರು ಅಷ್ಟು ಹೊತ್ತು ಮಾತಾಡುವುದು ಕಷ್ಟ. ‘ಬಾಯಿ ತೆರಿ, ತೋರಿಸು’ ಎಂದು ಪೊಲೀಸರಂತೆ ತಪಾಸಣೆ ಮಾಡಿದರೆ ಮಾರನೇ ದಿನದಿಂದ ಜಗಳವೇ ಗತಿ. ದಿಂಬಿನ ಕೆಳಗೆ, ಕಿಟಕಿಯಾಚೆ, ಬಚ್ಚಲ ಜಾಲರಿಯಲ್ಲಿ ಮಾತ್ರೆ ಸಿಕ್ಕರೆ ಬೈಯದೆ ವೈದ್ಯರಿಗೆ ತಿಳಿಸಿ. ಬಾಯಲ್ಲೇ ಕರಗುವ ಮಾತ್ರೆ, ದ್ರವರೂಪದ ಔಷಧಿ, ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕಿಸುವ ಡಿಪೋ ಇಂಜೆಕ್ಷನ್, ಇವೆಲ್ಲ ಇರುವುದೇ ಇಂಥ ಸಂದರ್ಭಕ್ಕೆ. ಇಂಜೆಕ್ಷನ್ ಹಾಕಿಸಿದ ಜಾಗವನ್ನು ತಿಕ್ಕಬೇಡಿ. ಮುಂದಿನ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಸುತ್ತಿಡಿ.

ಊಟದಲ್ಲಿ ಕದ್ದು ಬೆರೆಸಬೇಡಿ. ಇದು ಎಷ್ಟೋ ಮನೆಗಳಲ್ಲಿ ನಡೆಯುತ್ತದೆ. ಮನೆಯವರ ಅಸಹಾಯಕತೆ ಅರ್ಥವಾಗುವಂಥದ್ದೇ. ಆದರೆ ‘ನನ್ನ ಊಟಕ್ಕೆ ಏನೋ ಹಾಕ್ತಾರೆ’ ಎಂಬ ಅನುಮಾನವೇ ಕಾಯಿಲೆಯ ಲಕ್ಷಣವಾಗಿರುವವರಿಗೆ ಸಾರಿನ ತಳದಲ್ಲಿ ಬಿಳಿ ಪುಡಿ ಕಂಡರೆ ಏನಾಗಬೇಕು? ಅಂದಿನಿಂದ ಊಟವೂ ನಿಲ್ಲುತ್ತದೆ, ಬಡಿಸಿದವರ ಮೇಲಿನ ನಂಬಿಕೆಯೂ ಹೋಗುತ್ತದೆ. ಅರ್ಧ ಊಟ ಬಿಟ್ಟರೆ ಎಷ್ಟು ಔಷಧಿ ಹೊಟ್ಟೆಗೆ ಹೋಯಿತೆಂಬ ಲೆಕ್ಕ ಸಿಗುವುದಿಲ್ಲ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳನ್ನು ಪುಡಿ ಮಾಡಿದರೆ ಇಡೀ ದಿನದ ಔಷಧಿ ಒಮ್ಮೆಲೇ ರಕ್ತಕ್ಕಿಳಿಯಬಹುದು. ಮಾತ್ರೆ ಬೇಡವೇ ಬೇಡ ಎಂದರೆ ಅದನ್ನು ವೈದ್ಯರೆದುರು ಮುಚ್ಚುಮರೆಯಿಲ್ಲದೆ ಹೇಳಿ.

ತಪ್ಪಿದ ಡೋಸ್. ಅದೇ ದಿನ ನೆನಪಾದರೆ ಕೊಡಿ. ಮಾರನೇ ದಿನ ನೆನಪಾದರೆ ಬಿಟ್ಟುಬಿಡಿ, ಎರಡು ದಿನದ್ದು ಸೇರಿಸಿ ಕೊಡಬಾರದು. ಕ್ಲೋಜಪೀನ್ ಎಂಬ ಮಾತ್ರೆಯ ವಿಷಯ ಮಾತ್ರ ಬೇರೆ: 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಹಳೆಯ ಪ್ರಮಾಣವನ್ನು ಮತ್ತೆ ಶುರುಮಾಡುವಂತಿಲ್ಲ. ರಕ್ತದೊತ್ತಡ ಕುಸಿದು ಪ್ರಜ್ಞೆ ತಪ್ಪುವ ಅಪಾಯವಿದೆ. ವೈದ್ಯರು ಅದನ್ನು ಸಾಮಾನ್ಯವಾಗಿ 12.5 ಮಿಲಿಗ್ರಾಮಿನಿಂದ ಮತ್ತೆ ಏರಿಸಿಕೊಂಡು ಬರುತ್ತಾರೆ.

ಬೀಡಿ, ಸಿಗರೇಟು. ತಂಬಾಕಿನ ಹೊಗೆ ಕ್ಲೋಜಪೀನ್ ಮತ್ತು ಒಲಾಂಜಪೀನ್ ಎಂಬ ಮಾತ್ರೆಗಳನ್ನು ದೇಹ ಬೇಗ ಹೊರಹಾಕುವಂತೆ ಮಾಡುತ್ತದೆ. ವಾರ್ಡಿನಲ್ಲಿ ಬೀಡಿ ಇಲ್ಲದೆ ಸರಿಹೋದ ಪ್ರಮಾಣ, ಮನೆಗೆ ಬಂದು ದಿನಕ್ಕೊಂದು ಕಟ್ಟು ಸೇದಲು ಶುರುಮಾಡಿದರೆ ಸಾಲದೆ ಹೋಗಬಹುದು. ಇದಕ್ಕೆ ಕಾರಣ ಹೊಗೆಯೇ ಹೊರತು ನಿಕೋಟಿನ್ ಅಲ್ಲ. ಸೇದುವುದು ಶುರುವಾದರೂ ನಿಂತರೂ ವೈದ್ಯರಿಗೆ ತಿಳಿಯಲಿ, ಏಕೆಂದರೆ ಏಕಾಏಕಿ ನಿಂತರೆ ರಕ್ತದಲ್ಲಿ ಔಷಧಿ ಮಿತಿಮೀರುತ್ತದೆ. ಗಾಂಜಾ ಮತ್ತು ಸಾರಾಯಿ ಕಾಯಿಲೆಯನ್ನು ನೇರವಾಗಿ ಕೆದಕುತ್ತವೆ.

ಎಷ್ಟು ದಿನ? ಸಿಟ್ಟು, ನಿದ್ದೆಗೇಡು ಕೆಲವೇ ದಿನದಲ್ಲಿ ತಗ್ಗುತ್ತವೆ. ಕಿವಿಯಲ್ಲಿ ಕೇಳುವ ದನಿಗಳು, ಅನುಮಾನಗಳು ಇಳಿಯಲು ಎರಡರಿಂದ ಆರು ವಾರ ಬೇಕಾಗಬಹುದು. ಮೊದಲ ಸಲದ ಕಾಯಿಲೆಯಾದರೂ ಪೂರ್ತಿ ಗುಣವಾದ ಮೇಲೆ ಸಾಮಾನ್ಯವಾಗಿ ಒಂದೆರಡು ವರ್ಷ ಮಾತ್ರೆ ಮುಂದುವರಿಯುತ್ತದೆ. ಪದೇ ಪದೇ ಮರುಕಳಿಸಿದ್ದರೆ ಇನ್ನೂ ಹೆಚ್ಚು.

## ಹಂತ 4: ಅಡ್ಡ ಪರಿಣಾಮವನ್ನು ಕಾಯಿಲೆ ಎಂದು ತಿಳಿಯದಿರುವುದು

ಕತ್ತು ತಿರುಚಿಕೊಳ್ಳುವುದು. ಹೊಸ ಮಾತ್ರೆ ಅಥವಾ ಇಂಜೆಕ್ಷನ್ ಶುರುವಾದ ಮೊದಲ ಕೆಲವು ದಿನಗಳಲ್ಲಿ ಕತ್ತು ಒಂದು ಕಡೆಗೆ ಸೆಟೆದು ತಿರುಗುತ್ತದೆ, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುತ್ತದೆ, ನಾಲಿಗೆ ಹೊರಚಾಚುತ್ತದೆ. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ‘ಮೈಮೇಲೆ ಬಂದಿದೆ’ ಎಂದು ಮಂತ್ರವಾದಿಯ ಬಳಿಗೆ ಕರೆದೊಯ್ಯುವುದು ಹೀಗೆಯೇ. ಇದು ಸ್ನಾಯುಗಳ ಹಿಡಿತ. ಹತ್ತಿರದ ಯಾವುದೇ ಆಸ್ಪತ್ರೆಗೆ ಚೀಟಿ ಸಮೇತ ಹೋಗಿ. ಒಂದು ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ. ಗಂಟಲು ಬಿಗಿದು ಉಸಿರಾಟಕ್ಕೆ ತೊಡಕಾದರೆ ತಡ ಮಾಡಲೇಬೇಡಿ.

ಕೂತಲ್ಲಿ ಕೂರಲಾಗದ ಚಡಪಡಿಕೆ. ಇಲ್ಲಿ ಆಗುವ ತಪ್ಪು ದುಬಾರಿ. ಕೂತರೆ ಏಳುತ್ತಾರೆ, ಎದ್ದರೆ ಅಂಗಳದಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುತ್ತಾರೆ, ನಿಂತಲ್ಲೇ ಕಾಲು ಬದಲಿಸುತ್ತಾರೆ. ‘ಕಾಲೊಳಗೆ ಏನೋ ಆಗ್ತದೆ’ ಎನ್ನುತ್ತಾರೆ. ಕಾಯಿಲೆ ಜಾಸ್ತಿಯಾಯಿತೆಂದು ಮನೆಯವರು ಇನ್ನೊಂದು ಮಾತ್ರೆ ಹೆಚ್ಚಿಗೆ ಕೊಡುತ್ತಾರೆ, ಚಡಪಡಿಕೆ ಇಮ್ಮಡಿಯಾಗುತ್ತದೆ. ಗುರುತಿಸುವುದು ಹೀಗೆ: ಮಾತ್ರೆ ಶುರುವಾದ ಅಥವಾ ಏರಿಸಿದ ಮೇಲೆ ಬಂದದ್ದೇ? ಕಾಲಲ್ಲಿ ಹೆಚ್ಚೇ? ನಡೆದರೆ ತುಸು ಹಿತವೇ? ಮೂರಕ್ಕೂ ಹೌದಾದರೆ ಎರಡು ಮೂರು ದಿನದೊಳಗೆ ವೈದ್ಯರನ್ನು ಕಾಣಿ. ಈ ಸಂಕಟ ತಾಳಲಾರದೆ ಸಾಯುವ ಯೋಚನೆ ಬರುವುದೂ ಉಂಟು.

ಜ್ವರ. ಈ ಔಷಧಿಗಳ ಮೇಲಿರುವವರಿಗೆ ಬರುವ ಜ್ವರವನ್ನು ‘ಮಳೆಗಾಲದ ಜ್ವರ’ ಎಂದು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸಬೇಡಿ. ಮೊದಲು ಎರಡು ವಿಷಯ ನೋಡಿ. ಒಂದು, ಜ್ವರದ ಜೊತೆ ಮೈ ಮರದ ಕೊರಡಿನಂತೆ ಬಿಗಿದಿದೆಯೇ, ಬೆವರು ಸುರಿಯುತ್ತಿದೆಯೇ, ಮಾತು ತೊದಲಿ ಗೊಂದಲವಾಗಿದೆಯೇ? ಇದು ಅಪರೂಪ, ಆದರೆ ಪ್ರಾಣಕ್ಕೆ ಎರವಾಗುವಂಥದ್ದು. ಮುಂದಿನ ಡೋಸ್ ಕೊಡದೆ ನೇರ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ವೈದ್ಯರನ್ನು ಕೇಳುವುದಕ್ಕೆ ಮೊದಲೇ ಮನೆಯವರು ಮಾತ್ರೆ ತಡೆಹಿಡಿಯಬಹುದಾದ ಸಂದರ್ಭ ಇದು. ಎರಡು, ಕ್ಲೋಜಪೀನ್ ತೆಗೆದುಕೊಳ್ಳುವವರಿಗೆ ಜ್ವರ ಮತ್ತು ಗಂಟಲು ನೋವು ಬಂದಿದೆಯೇ? ಬಿಳಿ ರಕ್ತಕಣ ಕುಸಿದಿರಬಹುದು, ಅದೇ ದಿನ ರಕ್ತ ಪರೀಕ್ಷೆ ಆಗಬೇಕು. ಕ್ಲೋಜಪೀನಿಗೆ ಮೊದಲ 18 ವಾರ ವಾರಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ. ‘ಚೆನ್ನಾಗಿದ್ದಾರಲ್ಲ’ ಎಂದು ಒಂದು ವಾರವೂ ಬಿಡಬೇಡಿ.

ಮಲಬದ್ಧತೆ. ಹೇಳಿಕೊಳ್ಳಲು ನಾಚುತ್ತಾರೆ, ಕೇಳಲು ನಾವು ಮರೆಯುತ್ತೇವೆ. ಕ್ಲೋಜಪೀನ್ ಮತ್ತು ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಕರುಳಿನ ಚಲನೆಯನ್ನು ನಿಧಾನಗೊಳಿಸುತ್ತವೆ. ಮೂರು ದಿನ ಮಲ ಆಗದಿದ್ದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಆಸ್ಪತ್ರೆಗೆ. ದಿನವೂ ಸೊಪ್ಪು, ಹಣ್ಣು, ಸಾಕಷ್ಟು ನೀರು.

ತಲೆಸುತ್ತು. ಹಾಸಿಗೆಯಿಂದ ಒಮ್ಮೆಲೇ ಏಳಬಾರದು. ಅಂಚಿನಲ್ಲಿ ಎರಡು ನಿಮಿಷ ಕೂತು ಏಳಲಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಒಂದು ದೀಪವಿರಲಿ.

ತೂಕ. ಮನೆಗೆ ಬಂದ ದಿನದ ತೂಕ ಬರೆದಿಡಿ, ಆಮೇಲೆ ವಾರಕ್ಕೊಮ್ಮೆ. 60 ಕೆಜಿ ಇದ್ದವರು ಒಂದು ತಿಂಗಳಲ್ಲಿ 63 ದಾಟಿದರೆ ಮರುಭೇಟಿಯಲ್ಲಿ ಹೇಳಿ. ಹಸಿವು ಹೆಚ್ಚುವುದು ಔಷಧಿಯಿಂದ, ಅವರ ಬಾಯಿಚಪಲದಿಂದಲ್ಲ. ಅದಕ್ಕಾಗಿ ಹಂಗಿಸುವುದು ಅನ್ಯಾಯ. ಬೇಕರಿ ತಿಂಡಿ, ಸಿಹಿ ಪಾನೀಯ ಮನೆಗೆ ತರುವುದನ್ನೇ ಎಲ್ಲರೂ ಕಡಿಮೆ ಮಾಡಿ. ಸಕ್ಕರೆ ಮತ್ತು ಕೊಬ್ಬಿನ ರಕ್ತ ಪರೀಕ್ಷೆ ಶುರುವಿನಲ್ಲಿ ಒಮ್ಮೆ, ಮೂರು ತಿಂಗಳಿಗೆ ಒಮ್ಮೆ ಆಗಿರಬೇಕು.

ಹೆಣ್ಣುಮಕ್ಕಳಲ್ಲಿ ಮುಟ್ಟು ನಿಲ್ಲುವುದು. ರಿಸ್ಪೆರಿಡೋನ್‌ನಂಥ ಔಷಧಿಯಿಂದ ಮುಟ್ಟು ತಪ್ಪಬಹುದು, ಎದೆಯಿಂದ ಹಾಲಿನಂಥ ದ್ರವ ಒಸರಬಹುದು. ಇದನ್ನು ತಿಳಿಯದ ಮನೆಗಳಲ್ಲಿ ಅವರ ಮೇಲೆ ಇಲ್ಲದ ಅನುಮಾನ ಬಂದು, ಆಡಬಾರದ ಮಾತು ಆಡಿ ಆಗಿರುತ್ತದೆ. ಮೊದಲು ವೈದ್ಯರಿಗೆ ಹೇಳಿ. ಇದು ಹಾರ್ಮೋನಿನ ಏರುಪೇರು, ಔಷಧಿ ಬದಲಿಸಿದರೆ ಸರಿಯಾಗುತ್ತದೆ. ಆದರೆ ಮುಟ್ಟು ತಪ್ಪಿದ್ದಷ್ಟಕ್ಕೇ ಗರ್ಭಿಣಿಯಲ್ಲ ಎಂದೂ ತಿಳಿಯಬೇಡಿ, ಮದುವೆಯಾದವರಿಗೆ ಪರೀಕ್ಷೆ ಮಾಡಿಸಿ. ಗರ್ಭ ಧರಿಸುವ ಯೋಚನೆ ಇದ್ದರೆ ಮೊದಲೇ ವೈದ್ಯರೊಡನೆ ಮಾತಾಡಿ. ಜೊತೆಗೆ ಕೊಡುವ ವಾಲ್ಪ್ರೊಯೇಟ್ ಎಂಬ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ಹಾನಿಕರ.

## ಹಂತ 5: ನಿದ್ದೆ, ಊಟ, ಸ್ನಾನ

ಮೊದಲ ತಿಂಗಳು ಒಂಬತ್ತು ಹತ್ತು ಗಂಟೆ ನಿದ್ದೆ ಮಾಡಿದರೆ ಮಾಡಲಿ. ಎರಡನೇ ತಿಂಗಳಿಂದ ಏಳುವ ಹೊತ್ತನ್ನು ಮಾತ್ರ ಗಟ್ಟಿ ಮಾಡಿ: ಬೆಳಿಗ್ಗೆ ಏಳು ಎಂದರೆ ಏಳು. ಹಗಲು ನಿದ್ದೆ ಅರ್ಧ ಗಂಟೆಗೆ ಸೀಮಿತ. ಸಂಜೆ ನಾಲ್ಕರ ಮೇಲೆ ಕಾಫಿ ಬೇಡ. ಶಿವರಾತ್ರಿಯ ಜಾಗರಣೆ, ರಾತ್ರಿಯಿಡೀ ನಡೆಯುವ ಯಕ್ಷಗಾನ ಅಥವಾ ಬಯಲಾಟ, ಜಾತ್ರೆ, ಮದುವೆಮನೆಯ ಹಿಂದಿನ ರಾತ್ರಿ ಇವೆಲ್ಲ ಮೊದಲ ವರ್ಷ ಬೇಡ. ಕೆಟ್ಟ ಒಂದೆರಡು ರಾತ್ರಿಗಳೇ ಕಾಯಿಲೆ ಕೆದಕಲು ಸಾಕಾಗಬಹುದು. ಏಕಾದಶಿಯ ಉಪವಾಸವಿರಲಿ, ರಂಜಾನ್ ಉಪವಾಸವಿರಲಿ, ಮಾತ್ರೆಯ ಹೊತ್ತನ್ನು ಹೇಗೆ ಬದಲಿಸಬೇಕೆಂದು ಮೊದಲೇ ಕೇಳಿಕೊಳ್ಳಿ.

ಸ್ನಾನ ಮಾಡದಿರುವುದು, ಹಲ್ಲುಜ್ಜದಿರುವುದು, ದಿನವಿಡೀ ಗೋಡೆ ನೋಡಿಕೊಂಡು ಕೂರುವುದು ಸೋಮಾರಿತನವಲ್ಲ. ಏನನ್ನಾದರೂ ಶುರುಮಾಡುವ ಶಕ್ತಿಯನ್ನೇ ಈ ಕಾಯಿಲೆ ತಿಂದುಹಾಕುತ್ತದೆ. ದನಿಗಳನ್ನು ತಗ್ಗಿಸುವಷ್ಟು ಚೆನ್ನಾಗಿ ಮಾತ್ರೆ ಇದನ್ನು ತಗ್ಗಿಸುವುದಿಲ್ಲ. ಹಾಗಾಗಿ ಇಲ್ಲಿ ಬೇಕಾದದ್ದು ಕೆಲಸವನ್ನು ಚೂರು ಮಾಡುವ ಕಲೆ. ‘ಹೋಗಿ ಸ್ನಾನ ಮಾಡು’ ಎನ್ನುವುದು ಒಂದು ಮಾತಲ್ಲ, ಹತ್ತು ಕೆಲಸಗಳ ಗಂಟು. ಬಕೆಟ್ಟಿಗೆ ಬಿಸಿನೀರು ತೋಡಿಡಿ. ಟವೆಲ್ಲು, ಒಗೆದ ಬಟ್ಟೆ ಗೂಟಕ್ಕೆ ಹಾಕಿ. ಆಮೇಲೆ ಹತ್ತಿರ ಹೋಗಿ, ‘ನೀರು ತೋಡಿದೀನಿ, ಆರಿಹೋಗ್ತದೆ, ಬಾ’ ಎಂದು ಜೊತೆಗೆ ಬಚ್ಚಲ ಬಾಗಿಲ ತನಕ ನಡೆಯಿರಿ. ಮೊದಲ ವಾರ ಬರೀ ಕೈಕಾಲು ಮುಖ ತೊಳೆದರೂ ಸಾಕು. ಎರಡನೇ ವಾರ ಎರಡು ದಿನಕ್ಕೊಮ್ಮೆ ಸ್ನಾನ. ಏನೂ ಆಗದ ದಿನ ಸುಮ್ಮನಿದ್ದು ಮಾರನೇ ದಿನ ಮತ್ತೆ ನೀರು ತೋಡಿ.

ಮಾತೂ ಆಡದೆ, ಊಟವನ್ನೂ ಮಾಡದೆ, ಇಟ್ಟ ಕೈ ಇಟ್ಟಂತೆ ಇರುವ ಸ್ಥಿತಿ ಬೇರೆಯೇ. ಒಂದು ದಿನ ನೀರೂ ಕುಡಿಯದಿದ್ದರೆ ಅದು ತುರ್ತು, ಆಸ್ಪತ್ರೆಗೆ ಹೊರಡಿ.

## ಹಂತ 6: ಮಾತಾಡುವ ಬಗೆ

‘ಪಕ್ಕದ ಮನೆಯವರು ನನ್ನ ವಿಷಯಾನೇ ಮಾತಾಡ್ತಿದಾರಮ್ಮ, ಕೇಳಿಸ್ತಿಲ್ವಾ?’ ಎಂದು ಮಗ ಕೇಳಿದರೆ ಎರಡು ತಪ್ಪು ಉತ್ತರಗಳಿವೆ. ‘ಏನೂ ಇಲ್ಲ, ಎಲ್ಲಾ ನಿನ್ನ ಭ್ರಮೆ’ ಎಂಬುದು ಒಂದು. ಅವನಿಗೆ ನಿಜವಾಗಿಯೂ ಕೇಳಿಸುತ್ತಿದೆ, ನೀವು ಸುಳ್ಳು ಹೇಳುತ್ತಿದ್ದೀರಿ ಎಂದೇ ಅವನೆಣಿಕೆ. ‘ಹೌದಪ್ಪ, ನಾನು ಹೋಗಿ ಬೈತೀನಿ’ ಎಂಬುದು ಇನ್ನೊಂದು. ಅನುಮಾನಕ್ಕೆ ಸಾಕ್ಷಿ ಸಿಕ್ಕಂತಾಯಿತು. ನಡುವಿನ ದಾರಿ ಹೀಗೆ: ‘ನನಗೆ ಕೇಳಿಸ್ತಿಲ್ಲ ಕಣೋ. ಆದ್ರೆ ನಿನಗೆ ಕೇಳಿಸ್ತಿದೆ, ಭಯ ಆಗ್ತಿದೆ ಅಂತ ಗೊತ್ತಾಗ್ತದೆ. ನಾನಿಲ್ಲೇ ಕೂತಿರ್ತೀನಿ. ರೇಡಿಯೋ ಹಾಕ್ಲಾ?’

ಒಂದು ಸಲಕ್ಕೆ ಒಂದೇ ವಿಷಯ, ಚಿಕ್ಕ ವಾಕ್ಯ. ಉತ್ತರಕ್ಕೆ ಹತ್ತು ಸೆಕೆಂಡಾದರೂ ಕಾಯಿರಿ. ದನಿಗಳು ಏನು ಹೇಳುತ್ತವೆ ಎಂದು ಕೇಳುವುದಕ್ಕೆ ಹೆದರಬೇಡಿ. ‘ಸಾಯಿ’, ‘ಹೊಡಿ’ ಎಂದು ಅವು ಆಜ್ಞೆ ಮಾಡುತ್ತಿದ್ದರೆ ಅದು ನಿಮಗೆ ಗೊತ್ತಾಗಲೇಬೇಕು.

ದಿನವೂ ಟೀಕೆ, ಹಂಗಿಸುವಿಕೆ, ನೆಂಟರೆದುರು ಕಾಯಿಲೆಯ ಮಾತು ಇರುವ ಮನೆಗಳಲ್ಲಿ ಮರುಕಳಿಸುವುದು ಹೆಚ್ಚು. ಅತಿಯಾದ ಆರೈಕೆಯೂ ಅಷ್ಟೇ ಭಾರ: ಮೂವತ್ತರ ಮಗನಿಗೆ ತುತ್ತು ಮಾಡಿ ತಿನ್ನಿಸುವುದು, ಕ್ಷಣವೂ ಕಣ್ಣುತಪ್ಪಿಸದಿರುವುದು. ದಿನದಲ್ಲಿ ಒಂದೆರಡು ಗಂಟೆ ನೀವೂ ಅವರೂ ಬೇರೆ ಬೇರೆ ಇರಿ. ನೋಡಿಕೊಳ್ಳುವವರಿಗೆ ವಾರಕ್ಕೊಂದು ಪೂರ್ತಿ ಬಿಡುವು ಬೇಕು. ಆ ದಿನ ಅತ್ತಿಗೆಯೋ ಚಿಕ್ಕಪ್ಪನೋ ಹೊಣೆ ಹೊರಲಿ.

## ಹಂತ 7: ದಿನಚರಿ ಬರೆಯುವುದು, ಮುನ್ಸೂಚನೆ ಹಿಡಿಯುವುದು

‘ಇವತ್ತು ಸ್ವಲ್ಪ ಜಾಸ್ತಿ ಇತ್ತು’ ಎಂದು ಬರೆದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ:

*14ನೇ ತಾರೀಕು. ರಾತ್ರಿ 9ಕ್ಕೆ ಮಾತ್ರೆ ನನ್ನೆದುರೇ ನುಂಗಿದ. ನಿದ್ದೆ 10ರಿಂದ 6. ಬೆಳಿಗ್ಗೆ ಮೂರು ಇಡ್ಲಿ, ಮಧ್ಯಾಹ್ನ ಅರ್ಧ ಮುದ್ದೆ. ಮಲ ಆಗಿದೆ. ಸ್ನಾನ ಇಲ್ಲ. ಸಂಜೆ ಒಬ್ಬನೇ ಹತ್ತು ನಿಮಿಷ ಮಾತಾಡಿಕೊಂಡ.*

ಮೂರು ನಿಮಿಷದ ಕೆಲಸ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, ಕಳೆದ ಸಲ ಆಸ್ಪತ್ರೆಗೆ ಸೇರಿಸುವುದಕ್ಕೆ ಮುಂಚಿನ ಒಂದು ತಿಂಗಳಲ್ಲಿ ಏನೇನು ಬದಲಾಗಿತ್ತು ಎಂದು ಎಲ್ಲರೂ ಕೂತು ನೆನೆದು ಬರೆಯಿರಿ. ಆಗ ಅವರೂ ಜೊತೆಗಿರಲಿ, ಅವರಿಗಷ್ಟೇ ಗೊತ್ತಿರುವ ಸೂಚನೆಗಳಿರುತ್ತವೆ. ಒಬ್ಬರು ಕಿಟಕಿ ಮುಚ್ಚಲು ಶುರುಮಾಡುತ್ತಾರೆ, ಇನ್ನೊಬ್ಬರು ಅಮ್ಮ ಮಾಡಿದ ಅಡುಗೆ ಬಿಟ್ಟು ಅಂಗಡಿ ತಿಂಡಿ ತಿನ್ನುತ್ತಾರೆ, ಮತ್ತೊಬ್ಬರು ಫೋನ್ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಹೆಚ್ಚಿನ ಸಲ ಇದು ಪ್ರತಿ ಸಾರಿಯೂ ಹೆಚ್ಚುಕಡಿಮೆ ಅದೇ ರೀತಿ ಬರುತ್ತದೆ. ಬಹುಮಂದಿಯಲ್ಲಿ ಮೊದಲು ಕೆಡುವುದು ನಿದ್ದೆ. ಸತತ ಎರಡು ಮೂರು ರಾತ್ರಿ ನಾಲ್ಕು ಗಂಟೆಗಿಂತ ಕಡಿಮೆ ನಿದ್ದೆಯಾದರೆ, ಅಥವಾ ಆ ಪಟ್ಟಿಯ ಎರಡು ಸೂಚನೆ ಒಟ್ಟಿಗೆ ಕಂಡರೆ, ಮುಂದಿನ ಮರುಭೇಟಿಯ ತನಕ ಕಾಯಬೇಡಿ. ಆಗ ಹೋದರೆ ಮಾತ್ರೆಯ ಸಣ್ಣ ಹೊಂದಾಣಿಕೆಯಲ್ಲೇ ಮುಗಿಯಬಹುದು.

## ಹಂತ 8: ಕೈಮೀರುವ ಹೊತ್ತು

ಸಿಟ್ಟಿಗೆದ್ದಾಗ ಒಬ್ಬರೇ ಮಾತಾಡಿ, ಮಿಕ್ಕವರನ್ನು ಹೊರಗೆ ಕಳಿಸಿ. ಟಿವಿ ಆರಿಸಿ. ಎರಡು ತೋಳಿನಳತೆ ದೂರ ನಿಲ್ಲಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ದಾರಿ ಅವರಿಗೂ ಇರಲಿ, ನಿಮಗೂ ಇರಲಿ. ಹಿಂದಿನಿಂದ ಮುಟ್ಟಬೇಡಿ. ಆಯುಧ ಕೈಯಲ್ಲಿದ್ದರೆ ಕಿತ್ತುಕೊಳ್ಳಲು ಹೋಗದೆ ಹೊರಗೆ ಬಂದು 112ಕ್ಕೆ ಕರೆ ಮಾಡಿ. ಆಂಬುಲೆನ್ಸಿಗೆ 108. ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತುರ್ತು ಸೇವೆ 24 ಗಂಟೆಯೂ ಇದೆ.

ಕಟ್ಟಿಹಾಕಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ನಿಷೇಧಿಸಿದೆ. ಅವರು ಒಪ್ಪದಿದ್ದರೂ ದಾಖಲಿಸಲೇಬೇಕಾದ ಸ್ಥಿತಿ ಬಂದರೆ ಅದೇ ಕಾಯ್ದೆಯ 89ನೇ ಕಲಮಿನಡಿ, ನಾಮನಿರ್ದೇಶಿತ ಪ್ರತಿನಿಧಿಯ (ತಮ್ಮ ಪರವಾಗಿ ನಿಲ್ಲಲು ಅವರೇ ಹೆಸರಿಸಿದವರ) ಅರ್ಜಿಯ ಮೇಲೆ, ವೈದ್ಯರು ಪರೀಕ್ಷಿಸಿ 30 ದಿನದವರೆಗೆ ದಾಖಲಿಸಿಕೊಳ್ಳಲು ಅವಕಾಶವಿದೆ. ಆ ಪ್ರತಿನಿಧಿ ಯಾರೆಂಬುದನ್ನು ಅವರು ಚೆನ್ನಾಗಿರುವ ದಿನಗಳಲ್ಲೇ ಅವರಿಂದಲೇ ಬಿಳಿ ಹಾಳೆಯಲ್ಲಿ ಬರೆಸಿ ಸಹಿ ಹಾಕಿಸಿಟ್ಟುಕೊಳ್ಳಿ.

ಸಾಯುವ ಮಾತು ಬಂದರೆ. ನೇರವಾಗಿ ಕೇಳಿ: ‘ಬದುಕೋದೇ ಬೇಡ ಅನ್ನಿಸ್ತಿದೆಯಾ? ಹೇಗೆ ಅಂತ ಯೋಚನೆ ಮಾಡಿದೀಯಾ?’ ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದಾಗ ಎಷ್ಟೋ ಜನ ಹಗುರಾಗುತ್ತಾರೆ. ಹೇಗೆ, ಯಾವಾಗ ಎಂಬುದು ಅವರ ಮನಸ್ಸಿನಲ್ಲಿ ತೀರ್ಮಾನವಾಗಿದ್ದರೆ ಒಂದು ಕ್ಷಣವೂ ಒಬ್ಬರೇ ಇರಲು ಬಿಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಸಿಗುತ್ತದೆ. ಈಗಾಗಲೇ ಪ್ರಯತ್ನಿಸಿದ್ದರೆ ‘ಪೊಲೀಸ್ ಕೇಸಾಗುತ್ತದೆ’ ಎಂದು ಹೆದರಿ ಮುಚ್ಚಿಡಬೇಡಿ. ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರು ಎಂದೇ ಪರಿಗಣಿಸಿ ಶಿಕ್ಷೆಯಿಂದ ರಕ್ಷಿಸುತ್ತದೆ.

## ಹಂತ 9: ಮರುಭೇಟಿ, ಆಮೇಲೆ ಕೆಲಸ

ಮೊದಲ ಮರುಭೇಟಿ ಒಂದೆರಡು ವಾರದೊಳಗೆ ಆಗಲಿ. ಜೊತೆಗೆ ಒಯ್ಯಬೇಕಾದದ್ದು ಡಿಸ್ಚಾರ್ಜ್ ಚೀಟಿ, ಉಳಿದ ಮಾತ್ರೆಗಳ ಸ್ಟ್ರಿಪ್, ನೋಟ್‌ಬುಕ್, ತೂಕದ ಲೆಕ್ಕ. ಸ್ಟ್ರಿಪ್ ಒಯ್ದರೆ ಎಷ್ಟು ಉಳಿದಿದೆ ಎಂಬುದರಲ್ಲೇ ಎಷ್ಟು ತಪ್ಪಿದೆ ಎಂಬುದು ತಿಳಿಯುತ್ತದೆ. ಅವರನ್ನು ಮನೆಯಲ್ಲೇ ಬಿಟ್ಟು ಬರೀ ಚೀಟಿ ಹಿಡಿದು ಮಾತ್ರೆ ಬರೆಸಿಕೊಂಡು ಬರುವ ರೂಢಿ ಬೇಡ. ನಡುಕ, ಬಿಗಿತ, ತುಟಿ ನಾಲಿಗೆಯ ಅನೈಚ್ಛಿಕ ಚಲನೆ ವೈದ್ಯರ ಕಣ್ಣಿಗೇ ಬೀಳಬೇಕು. ಬೆಂಗಳೂರು, ಧಾರವಾಡದವರೆಗೆ ತಿಂಗಳು ತಿಂಗಳು ಹೋಗಲಾಗದವರು ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾಸ್ಪತ್ರೆಯಲ್ಲಿ, ತಾಲ್ಲೂಕು ಆಸ್ಪತ್ರೆಯ ಮನೋಚೈತನ್ಯ ಕ್ಲಿನಿಕ್ಕಿನಲ್ಲಿ ಚಿಕಿತ್ಸೆ ಮುಂದುವರಿಸಬಹುದು. ನಿಮ್ಮ ತಾಲ್ಲೂಕಿಗೆ ಮನೋವೈದ್ಯರು ಬರುವ ದಿನವನ್ನು ಆಶಾ ಕಾರ್ಯಕರ್ತೆಯನ್ನು ಕೇಳಿ ತಿಳಿಯಿರಿ.

ನಿದ್ದೆ ಮತ್ತು ಸ್ನಾನ ಎರಡೂ ಒಂದು ತಿಂಗಳು ಸತತವಾಗಿ ನೆಲೆಗೊಂಡ ಮೇಲೆ ಕೆಲಸದ ಮಾತು. ಶುರುವಿಗೆ ಅರ್ಧ ಗಂಟೆ: ಹೂಗಿಡಕ್ಕೆ ನೀರು, ಹಾಲು ಡೈರಿಗೆ ಹಾಕಿಬರುವುದು, ಕಾಯಿ ಸುಲಿಯುವುದು. ಎರಡು ವಾರ ಸರಿಯಾಗಿ ನಡೆದರೆ ಒಂದು ಗಂಟೆ. ಪಾಳಿ ಕೆಲಸ, ಅದರಲ್ಲೂ ರಾತ್ರಿ ಪಾಳಿ ಬೇಡ. ಟ್ರ್ಯಾಕ್ಟರ್, ಬೈಕು, ಗರಗಸ, ಬಾವಿಕಟ್ಟೆಯ ಕೆಲಸಕ್ಕೆ ಮಂಪರು ಪೂರ್ತಿ ಇಳಿದ ಮೇಲೆ ವೈದ್ಯರನ್ನು ಕೇಳಿಯೇ ಕಳಿಸಿ. ಬೇಸಿಗೆಯ ಮಧ್ಯಾಹ್ನ ಗದ್ದೆ ಕೆಲಸ ಬೇಡ, ಈ ಔಷಧಿಗಳು ಮೈಯ ಬಿಸಿ ತಗ್ಗಿಸುವ ಶಕ್ತಿಯನ್ನು ಕುಂದಿಸುತ್ತವೆ.

ಮದುವೆಯ ಪ್ರಸ್ತಾಪ ಬಂದರೆ ಅದು ಕಾಯಿಲೆಗೆ ಚಿಕಿತ್ಸೆಯಾಗಬಾರದು, ಕಾಯಿಲೆಯನ್ನು ಮುಚ್ಚಿಟ್ಟೂ ಆಗಬಾರದು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಮೊದಲು ನಿಲ್ಲುವುದು ಮಾತ್ರೆಯೇ, ಹೊಸ ಮನೆಯಲ್ಲಿ ಎಲ್ಲರ ಕಣ್ಣು ತಪ್ಪಿಸಿ ನುಂಗಲು ಜಾಗವಿರುವುದಿಲ್ಲ.

ಮೂರನೇ ತಿಂಗಳ ಕೊನೆಗೆ ಮಾತ್ರೆಯ ಡಬ್ಬಿ ತುಂಬುವ ಕೆಲಸವನ್ನು ನಿಧಾನವಾಗಿ ಅವರ ಕೈಗೇ ಕೊಡಲು ಶುರುಮಾಡಿ. ಮೊದಲು ನೀವು ತುಂಬುವಾಗ ಅವರು ಪಕ್ಕದಲ್ಲಿ ಕೂತಿರಲಿ. ಮುಂದಿನ ವಾರ ಅವರು ತುಂಬಲಿ, ನೀವು ಎಣಿಸಿ. ಹೀಗೆ ನಾಲ್ಕು ಭಾನುವಾರ ಲೆಕ್ಕ ತಪ್ಪದೆ ಬಂದರೆ ಹೊರಗಿಟ್ಟ ಒಂದು ವಾರದ ಡಬ್ಬಿ ಅವರ ಬಳಿಯೇ ಇರಲಿ. ಬೀಗದ ಪೆಟ್ಟಿಗೆಯ ಕೀಲಿ ಇನ್ನೂ ಕೆಲಕಾಲ ನಿಮ್ಮ ಹತ್ತಿರವೇ ಇರಲಿ.